ಇಲ್ಲದ ಕೂದಲು

ಕ್ಯಾಮೆರಾದೊಳಗೆ ನೀರು ನುಗ್ಗಿದ್ದು ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ. ಅದಕ್ಕೆ ಅಮಿತಾಳ ಕೂದಲೇ ಕಾರಣವೆಂದು ತೀರ್ಪಾದದ್ದು ಹತ್ತೂವರೆಗೆ. ಕೋಳಿ ಕದ್ದವನಿಗೂ ನಮ್ಮಲ್ಲಿ ಇದಕ್ಕಿಂತ ಹೆಚ್ಚು ವಿಚಾರಣೆ ನಡೆಯುತ್ತದೆ.

ಜಾಗ ಶಂಶಾಬಾದಿನ ಆಚೆಯ ಒಂದು ತೋಟದ ಮನೆಯ ಈಜುಕೊಳ. ಮದುವೆಗೆ ಮುಂಚೆ ನೀರಿನೊಳಗೆ ಮುಳುಗಿ ಫೋಟೋ ತೆಗೆಸಿಕೊಳ್ಳುವ ಹುಚ್ಚು ಊರಿಗೆ ಹಿಡಿದು ಕೆಲವು ವರ್ಷಗಳಾಗಿದ್ದವು. ಆ ಹುಚ್ಚಿಗೆ ದೊಡ್ಡ ಗುರು ವಾಸುದೇವ ಸರ್. ಸರ್ಕಾರಿ ಇಲಾಖೆಯೊಂದರಲ್ಲಿ ಫೋಟೋಗ್ರಾಫರಾಗಿ ನಿವೃತ್ತರಾದವರು, ಮೂವತ್ತು ವರ್ಷ ರಜೆ ಸಿಕ್ಕಾಗಲೆಲ್ಲ ಸಮುದ್ರಕ್ಕಿಳಿದವರು. ಇಪ್ಪತ್ತೈದರ ಅಮಿತಾ ಹದಿನಾಲ್ಕು ತಿಂಗಳಿಂದ ಅವರ ಬಳಿ ನೀರಿನೊಳಗೆ ಲೈಟು ಹಿಡಿಯುತ್ತಿದ್ದಳು. ಒಂದು ದಿನ ಕ್ಯಾಮೆರಾ ಕೈಗೆ ಬರುತ್ತದೆಂದು ನಂಬಿ ಬೇಗಂಪೇಟೆಯ ಆಫೀಸಿನ ಕೆಲಸ ಬಿಟ್ಟು ಬಂದಿದ್ದಳು.

ಸರ್ ಕೊಳದ ಅಂಚಿಗೆ ಬಂದು ತಲೆ ಎತ್ತಿದಾಗ ಅವರ ಕೈಯಲ್ಲಿದ್ದ ಹೌಸಿಂಗ್, ಅಂದರೆ ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಗಟ್ಟಿ ಡಬ್ಬಿ, ಅರ್ಧ ತುಂಬಿತ್ತು. ಗಾಜಿನ ಹಿಂದೆ ಲೆನ್ಸು ಕೊರಳಮಟ್ಟದ ನೀರಿನಲ್ಲಿ ನಿಂತಿತ್ತು.

"ಏಮೈಂದಿ ಸಾರ್?" ಏನಾಯಿತೆಂದು ತೆಲುಗಿನಲ್ಲಿ ಕೇಳಿದ ಮದುಮಗ, ಒದ್ದೆ ಶೇರ್ವಾನಿಯಲ್ಲಿ ನಡುಗುತ್ತ.

ಸರ್ ಡಬ್ಬಿಯ ಕಡೆ ನೋಡಲಿಲ್ಲ. ಅಮಿತಾಳ ಜಡೆಯ ಕಡೆ ನೋಡಿದರು. "ಈ ಅಮ್ಮಾಯಿ ಜುಟ್ಟು," ಈ ಹುಡುಗಿಯ ಕೂದಲು, ಎಂದರು.

ಮದುಮಗಳ ತಾಯಿ ಹೌದೌದೆಂದು ತಲೆ ಆಡಿಸಿದರು. ಸಾರಿನಲ್ಲಿ ಕೂದಲು ಸಿಕ್ಕರೆ ಅದು ಯಾವ ತಲೆಯದೆಂದು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ? ಮನೆಯ ಹೆಣ್ಣುಮಕ್ಕಳದೇ.

ಡಬ್ಬಿ ಬಿಚ್ಚಿ ನೀರು ಚೆಲ್ಲಿದವಳು ಅಮಿತಾ. ನೀರು ತೆಳು ಗುಲಾಬಿ ಬಣ್ಣಕ್ಕಿತ್ತು. ಡಬ್ಬಿಯ ಎರಡು ಹೋಳುಗಳ ನಡುವೆ ಬಳೆಯಂಥ ಕಪ್ಪು ರಬ್ಬರು ಇರುತ್ತದೆ; ನೀರನ್ನು ತಡೆಯುವುದು ಅದೊಂದೇ. ಅದರ ಮೇಲೆ ಸಾಸಿವೆಯಷ್ಟು ಏನು ಕೂತರೂ ಸಾಕು, ಅಷ್ಟು ಸಂದಿಯಲ್ಲಿ ಇಡೀ ಕೊಳ ಒಳಗೆ ಬರುತ್ತದೆ. ಆ ರಬ್ಬರಿನ ಒಂದು ಮೂಲೆಯಲ್ಲಿ ಕೆಂಪಗೆ ಒಂದು ಗೆರೆ ಇತ್ತು. ಕೂದಲು ಇರಲಿಲ್ಲ. ಅವಳು ತಲೆ ಎತ್ತಿದಳು. ಸರ್ ಕೂಡ ಅದನ್ನೇ ನೋಡುತ್ತಿದ್ದರು. ಹೆಬ್ಬೆರಳಿನಿಂದ ಗೆರೆಯನ್ನು ಒರೆಸಿ, "ಟವೆಲ್ ತಾ," ಎಂದರು.

ಹನ್ನೊಂದು ಗಂಟೆಯ ಹೊತ್ತಿಗೆ ಇನ್ನೂರು ಚಿಲ್ಲರೆ ಫೋಟೋಗ್ರಾಫರುಗಳಿರುವ ವಾಟ್ಸಾಪ್ ಗುಂಪಿನಲ್ಲಿ ಸರ್ ಬರೆದಾಗಿತ್ತು: "ಉದ್ದ ಜಡೆಯ ಶಿಷ್ಯರಿದ್ದರೆ ಎಚ್ಚರ. ಅಮಿತಾಳ ಕೃಪೆಯಿಂದ ಇವತ್ತು ಒಂದು ಕ್ಯಾಮೆರಾ ಜಲಸಮಾಧಿ." ಕೆಳಗೆ ಸಾಲುಸಾಲು ನಗುವ ಮುಖಗಳು. ಅವುಗಳನ್ನು ಒಂದೊಂದಾಗಿ ನೋಡುತ್ತ ಅಮಿತಾ ವಾಪಸು ಬರುವ ಕಾರಿನಲ್ಲಿ ಹಿಂದೆ ಕೂತಿದ್ದಳು. ಮುಂದಿನ ಸೀಟಿನಲ್ಲಿ ಸರ್ ಹಳೆಯ ಹಾಡು ಗುನುಗುತ್ತಿದ್ದರು.

ಕೆಂಪು ಗೆರೆ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಮಂಗಳವಾರ ತಾರ್ನಾಕದ ಸರ್ ಮನೆಯಲ್ಲಿ ಖಂಡೆ ಪೂಜೆ, ಅಂದರೆ ದಸರೆಯ ಆಯುಧಪೂಜೆ. ಕ್ಯಾಮೆರಾ, ಲೈಟು, ಡಬ್ಬಿ ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿಟ್ಟು ಸರ್ ಅವರ ತಾಯಿ ಯಮುನಾಬಾಯಿ ಪೂಜೆ ಮಾಡುತ್ತಾರೆ. ಎಂಬತ್ತಮೂರು ವರ್ಷ, ಕಣ್ಣಲ್ಲಿ ಪೊರೆ, ಕೈಯಲ್ಲಿ ನಡುಕ. ಶಿಷ್ಯರೆಲ್ಲ ಅವರನ್ನು ಕರೆಯುವುದು ಆಯಿ ಎಂದೇ.

"ಡಬ್ಬಿ ತೆಗೀರಿ," ಎಂದಿದ್ದರು ಆಯಿ ಈ ಸಲ. "ಹೊರಗಿನ ತಗಡಿಗೆ ಕುಂಕುಮ ಹಚ್ಚಿದ್ರ ಒಳಗಿನ ಯಂತ್ರಕ್ಕ ಹೆಂಗ ಮುಟ್ಟತೈತಿ?"

ಡಬ್ಬಿ ತೆರೆದರು. ಆಯಿಯ ನಡುಗುವ ಬೆರಳು ಕ್ಯಾಮೆರಾದ ನೆತ್ತಿಗೆ ಕುಂಕುಮ ಇಟ್ಟಿತು; ಅರ್ಧ ಕ್ಯಾಮೆರಾಕ್ಕೆ, ಅರ್ಧ ಕೆಳಗೆ. ಅಮಿತಾ ಸರ್ ಕಿವಿಯಲ್ಲಿ, "ರಬ್ಬರ್ ಬಿಚ್ಚಿ ಒರಸಬೇಕರಿ," ಎಂದಳು. "ನಾ ಒರಸ್ತೀನಿ, ನೀ ಹೋಳಿಗಿ ತಿಂದು ಹೋಗವಾ," ಎಂದರು ಸರ್.

ಹೋಗಲಿ, ಮರೆತರು ಎನ್ನೋಣ. ಆದರೆ ಮರೆಯುವವರಿಗಾಗಿಯೇ ಒಂದು ಪದ್ಧತಿ ಇದೆ, ಅದನ್ನು ಕಲಿಸಿದವರೂ ಸರ್. ನೀರಿಗಿಳಿಯುವ ಮುಂಚೆ ಕ್ಯಾಮೆರಾ ಇಲ್ಲದ ಖಾಲಿ ಡಬ್ಬಿಯನ್ನು ಬಕೆಟ್ಟಿನಲ್ಲಿ ಹತ್ತು ನಿಮಿಷ ಅದುಮಿ ಹಿಡಿಯಬೇಕು. ಗುಳ್ಳೆ ಎದ್ದರೆ ಡಬ್ಬಿ ಸರಿಯಿಲ್ಲ. ಗುರುವಾರ ಅಮಿತಾ ಬಕೆಟ್ ತುಂಬಿಸಿ ಡಬ್ಬಿಗೆ ಕೈ ಚಾಚಿದಳು. ಮದುಮಗಳ ಮನೆಯವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

"ಮೂವತ್ತ ವರ್ಷದಿಂದ ನೀರಾಗ ಇಳಿಯಾಕತ್ತೀನಿ. ಮಂದಿ ಮುಂದ ನನಗ ಬಕೆಟ್ ತೋರಸ್ತೀಯೇನು?" ಎಂದು ಸರ್ ಕ್ಯಾಮೆರಾ ಹಾಕಿ, ಚಿಲಕ ಬಿಗಿದು, ಇಳಿದೇಬಿಟ್ಟರು.

ಅಮಿತಾ ತಪ್ಪು ಮಾಡದವಳಲ್ಲ. ಕಲಿಯಲೆಂದು ಹಳೆಯ ಕ್ಯಾಮೆರಾ ಕೊಟ್ಟ ಮೊದಲ ದಿನವೇ ಲೆನ್ಸಿನ ಮುಚ್ಚಳ ತೆಗೆಯದೆ ಡಬ್ಬಿ ಮುಚ್ಚಿ, ನಲವತ್ತು ನಿಮಿಷ ನೀರಿನಡಿ ಕತ್ತಲೆಯ ಫೋಟೋ ತೆಗೆದಿದ್ದಳು. ಇನ್ನೊಮ್ಮೆ ಮೆಮೊರಿ ಕಾರ್ಡು ಮನೆಯ ಮೇಜಿನ ಮೇಲೆ ಉಳಿದಿತ್ತು. ಮತ್ತೊಮ್ಮೆ ಮದುಮಕ್ಕಳ ಬದಲು ತನ್ನದೇ ಕಾಲಿನ ಈಜುರೆಕ್ಕೆಗಳನ್ನು ಅರವತ್ತೆರಡು ಸಲ ಸೆರೆಹಿಡಿದಿದ್ದಳು. ಅವನ್ನೆಲ್ಲ ತಾನೇ ಎಲ್ಲರಿಗೂ ಹೇಳಿ ನಗಿಸಿದ್ದಳು. ಮಾಡಿದ ತಪ್ಪಿಗೆ ಜನ ನಗಲಿ. ಅದು ಕಲಿಯುವವರು ಕೊಡುವ ದಕ್ಷಿಣೆ. ಮಾಡದ ತಪ್ಪಿಗೆ ನಗೆಗೀಡಾಗುವುದು ಯಾವ ಲೆಕ್ಕ?

ಶುಕ್ರವಾರ ಸರ್ ಫೋನ್ ಮಾಡಿದರು. ಧ್ವನಿ ಬೆಣ್ಣೆಯಾಗಿತ್ತು.

"ರವಿವಾರ ನಮ್ಮ ಸಭಾ ಐತೆಲ್ಲ, ಆ ಕೂದಲಿನ ಕಥಿ ನೀನ ಹೇಳಿಬಿಡು. ಮಂದಿ ನಗತಾರ, ಮುಗೀತು. ಡಿಸೆಂಬರಿಗೆ ಅಂಡಮಾನಿಗೆ ಹೊಂಟೀವಿ. ಎರಡನೇ ಕ್ಯಾಮೆರಾ ನಿಂದು."

ದಸರೆಯ ನಂತರದ ಭಾನುವಾರ ಸರ್ ಮನೆಯಲ್ಲಿ ಶಿಷ್ಯರು ಸೇರುವುದು ರೂಢಿ. ಪ್ರತಿಯೊಬ್ಬರೂ ಎದ್ದು ನಿಂತು ಆ ವರ್ಷದ ತಮ್ಮ ಅತಿ ನಾಚಿಕೆಗೇಡಿನ ತಪ್ಪು ಹೇಳಬೇಕು. ಹೇಳಿದವರ ಕೈಗೆ ಸರ್ ಬನ್ನಿ ಎಲೆ ಇಡುತ್ತಾರೆ. ಆ ವರ್ಷ ಯಾರು ಲೈಟಿನಿಂದ ಕ್ಯಾಮೆರಾಕ್ಕೆ ಏರಿದರೆಂದು ಅಲ್ಲೇ ಸಾರುತ್ತಾರೆ.

"ಅದು ಕೂದಲಾ ಅಲ್ಲಲ್ರಿ ಸರ್."

ಸರ್ ಧ್ವನಿ ತಗ್ಗಿಸಿದರು. "ಏನರೆ ಇರಲಿ. ಅವ್ವನ ಕೈಯಿಂದ ಆತು ಅಂತ ತಿಳಿದ್ರ ಆಕಿ ಜೀವಾ ಹಿಡಿಯೂದಿಲ್ಲ. ದೇವರ ಕುಂಕುಮದಿಂದ ಕೆಟ್ಟದ್ದಾತು ಅಂತ ಅನ್ನ ಬಿಡತಾಳ. ಆಕಿ ಸಲುವಾಗಿ ಇಷ್ಟು ಮಾಡು."

ಫೋನ್ ಇಟ್ಟ ಮೇಲೆ ಅಮಿತಾಳಿಗೆ ಮೈಯೆಲ್ಲ ಉರಿಯಿತು. ಇಲ್ಲ ಎಂದರೆ ಮುದುಕಿಯ ಮನಸ್ಸು ಮುರಿದ ಪಾಪ ಅವಳದು. ಹೂಂ ಎಂದರೆ ಇಡೀ ಊರಿಗೆ ಅವಳು ಜಡೆಯ ಹುಡುಗಿ. ಎರಡೂ ದಾರಿಯಲ್ಲಿ ಸರ್ ಒಬ್ಬರ ಕಾಲಿಗೆ ಮಾತ್ರ ಮುಳ್ಳಿಲ್ಲ.

ಶನಿವಾರ ಬೇಗಂಪೇಟೆ ಸ್ಟೇಷನ್ ಎದುರು ಕೇದಾರ ಸಿಕ್ಕ. ಅವಳಿಗಿಂತ ಎರಡು ವರ್ಷ ಹಿರಿಯ ಶಿಷ್ಯ, ಸಮಾಧಾನಿ. ಚಹಾ ಕುಡಿಯುತ್ತ ಎಲ್ಲ ಕೇಳಿಸಿಕೊಂಡ.

"ಒಂದ ನಿಮಿಷದ ಮಾತು. ಹೇಳಿ ಕುಂತಬಿಡು," ಎಂದ. "ಹೋದ ವರ್ಷ ನಾ ಹೇಳಿದ್ನಲ್ಲ, ನೀರಾಗ ಇದ್ದಾಗನ ಡಬ್ಬಿ ಚಿಲಕ ತೆಗೆದೆ ಅಂತ?"

"ಹೊಟ್ಟಿ ಹಿಡಕೊಂಡು ನಕ್ಕಿದ್ದೆ ನಾನು."

"ಅದು ನಂದಲ್ಲ."

ಅಮಿತಾ ಲೋಟ ಕೆಳಗಿಟ್ಟಳು.

"ಸರ್‌ದು. ಫೋಟೋ ತೆಗಿಯೂ ಗುಂಡಿ ಅಂತ ತಿಳಿದು ಚಿಲಕ ಎಳದಿದ್ರು. ನಾ ಹೇಳಿದೆ, ಮರುದಿನ ಲೈಟ್ ಹೋಗಿ ಕ್ಯಾಮೆರಾ ಬಂತು." ಕೇದಾರ ನಗುತ್ತಿದ್ದ, ಬಸ್ಸಿನಲ್ಲಿ ಸೀಟು ಹಿಡಿಯುವ ಉಪಾಯ ಹೇಳಿಕೊಡುವವನ ಹಾಗೆ. "ಗುರುದಕ್ಷಿಣಾ ಅಂತ ತಿಳಕೋ. ಇದರಾಗ ಸಿಟ್ಟಿಗೇಳೂದೇನೈತಿ?"

"ನಿನಗ ಸಿಟ್ಟ ಬರಲಿಲ್ಲೇನು?"

"ಕ್ಯಾಮೆರಾ ಬಂತಲ್ಲ," ಎಂದ ಕೇದಾರ.

ಹಾಗಾದರೆ ಮೂವತ್ತು ವರ್ಷದಲ್ಲಿ ಸರ್ ಒಂದೂ ತಪ್ಪು ಮಾಡದೆ ಇದ್ದದ್ದು ಹೀಗೆ. ಅವರ ತಪ್ಪುಗಳನ್ನೆಲ್ಲ ಶಿಷ್ಯರು ಹಂಚಿಕೊಂಡಿದ್ದರು, ದೇವರ ಪ್ರಸಾದವೆಂಬಂತೆ ಕಣ್ಣಿಗೊತ್ತಿಕೊಂಡು. ಚಹಾದ ದುಡ್ಡನ್ನು ಕೇದಾರನೇ ಕೊಟ್ಟ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ತಾರ್ನಾಕದ ಮನೆಯ ನಡುಮನೆಯಲ್ಲಿ ಜಮಖಾನೆ ಹಾಸಿತ್ತು. ಹದಿನೆಂಟು ಇಪ್ಪತ್ತು ಜನ, ಮಂಡಕ್ಕಿಯ ಸುಸಲಾ, ಚಹಾ. ಆಯಿ ಗೋಡೆಗೊರಗಿ ಕುರ್ಚಿಯಲ್ಲಿ ಕೂತಿದ್ದರು. ಸಂಯುಕ್ತಾ ಎಂಬ ಹೊಸ ಹುಡುಗಿ, ನೀರಿನೊಳಗೇ ಬಾಯಿ ತೆರೆದು ಮದುಮಗನಿಗೆ "ನಗಿರಿ" ಎಂದು ಕೂಗಲು ಹೋಗಿ ಅರ್ಧ ಕೊಳ ಕುಡಿದದ್ದನ್ನು ಹೇಳಿದಳು. ನಗೆ ಎದ್ದಿತು. "ಬನ್ನಿ ತಗೊಂಡು ಬಂಗಾರದಂಗ ಇರು," ಎಂದು ಸರ್ ಅವಳ ಕೈಗೆ ಎಲೆ ಇಟ್ಟರು. ಆಮೇಲೆ, "ಈಗ ಈ ವರ್ಷದ ರಾಣಿ," ಎಂದು ಅಮಿತಾಳ ಕಡೆ ತಿರುಗಿದರು.

ಅಮಿತಾ ಎದ್ದು ಈಜುರೆಕ್ಕೆಯ ಅರವತ್ತೆರಡು ಫೋಟೋಗಳ ಕಥೆ ಹೇಳಿದಳು. ಜನ ನಕ್ಕರು. ಅವಳು ಕೂರಲು ಹೋದಳು.

"ಅದು ಟ್ರೇಲರ್," ಎಂದರು ಸರ್. "ಪಿಚ್ಚರ್ ಎಲ್ಲಿ? ಜಡಿ ಕಥಿ ಹೇಳವಾ."

"ಅದು ನನ್ನ ತಪ್ಪಲ್ಲರಿ."

"ನಾಚಿಕೊಳ್ಳಾಕತ್ತಾಳ," ಎಂದರು ಸರ್ ಸಭೆಗೆ.

"ನಾಚಿಕಿ ಅಲ್ಲರಿ. ಬಕೆಟ್ಟಿನ್ಯಾಗ ಡಬ್ಬಿ ಅದುಮಿ ನೋಡೂದು ಬಿಟ್ಟೀವಿ. ನಾ ನೀರ ತುಂಬಿಸಿ ಇಟ್ಟಿದ್ದೆ. ನೀವು ಬ್ಯಾಡ ಅಂದ್ರಿ."

ಸರ್ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಆಯಿಯ ಕುರ್ಚಿಯ ಕಡೆ ಹೋಗಿ ಬಂತು. "ಕೂದಲಾ ಅಲ್ಲಂದ್ರ ರಬ್ಬರ್ ಮ್ಯಾಲೆ ಏನಿತ್ತು? ಹೇಳು, ಎಲ್ಲಾರೂ ಕೇಳಲಿ."

ಎಂಥ ಧೈರ್ಯ. ತಾಯಿಯನ್ನು ಗುರಾಣಿಯ ಹಾಗೆ ಎದೆಗೆ ಹಿಡಿದುಕೊಂಡು ಹೊಡೆ ಎನ್ನುತ್ತಿದ್ದರು. ಅಮಿತಾ ಸರ್ ಕಡೆಗೇ ನೋಡುತ್ತ ಹೇಳಿದಳು:

"ಏನಿತ್ತು ಅಂತ ನಿಮಗ ಗೊತ್ತೈತಿ. ಏನ ಇರಲಿ, ಯಾರದ ಇರಲಿ, ಬಕೆಟ್ಟಿನ್ಯಾಗ ಸಿಗತಿತ್ತು. ಸಿಗಲಿ ಅಂತನ ಬಕೆಟ್ ಇಡೂದು. ಹಂಗಂತ ನೀವ ಕಲಿಸೀರಿ."

"ವಾಸೂ," ಎಂದರು ಆಯಿ.

ಎಲ್ಲರೂ ಆ ಕಡೆ ತಿರುಗಿದರು.

"ಕುಂಕುಮ ಇತ್ತೇನು? ಪೂಜಿ ದಿನ ರಾತ್ರಿ ನಿನಗ ಹೇಳಿದ್ದೆ, ಕೈ ನಡಗಿ ಒಳಗ ಬಿದ್ದೈತಿ, ಒರಸಿಕೋ ಅಂತ. ಹೂಂ ಅಂದಿ."

"ಅವ್ವಾ, ನಿನಗ ಇದೆಲ್ಲ ತಿಳಿಯೂದಿಲ್ಲ."

"ಡಬ್ಬಿ ಒರಸೂದು ತಿಳಿಯೂದಿಲ್ಲೇನು ನನಗ? ಎಪ್ಪತ್ತ ವರ್ಷ ಉಪ್ಪಿನಕಾಯಿ ಭರಣಿ ಒರಸೀನಿ. ನಿಮ್ಮಪ್ಪ ಅಂಗಿ ಹರಕೊಂಡು ಬಂದ್ರೂ ದೋಬಿ ಹರದಾ ಅಂತಿದ್ದ. ಅದೊಂದ ಕಲತಿ ಅವನಿಂದ."

ಯಾರೋ ಹಿಂದೆ ಕಿಸಕ್ಕೆಂದರು. ಸರ್ ಕಿವಿ ಕೆಂಪಾದವು. ಇದಾದ ಮೇಲೆ ಏನೋ ಆಗುತ್ತದೆಂದು ಅಮಿತಾ ಕಾದಳು. ಯಾರಾದರೂ ಒಬ್ಬರು ಒಂದು ಮಾತು ಆಡುತ್ತಾರೆಂದು ಕೇದಾರನ ಕಡೆ ನೋಡಿದಳು. ಅವನು ಸುಸಲಾದಲ್ಲಿನ ಕರಿಬೇವನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ. ಸರ್ ಗಂಟಲು ಸರಿಮಾಡಿಕೊಂಡು, "ಹಿರಿಯರು ಹಂಗ ಮಾತಾಡ್ತಾರ, ಬಿಡ್ರಿ. ಮುಂದಿನವರು," ಎಂದರು. ಮುಂದಿನವರು ಎದ್ದು ನಿಂತೇಬಿಟ್ಟರು. ಕೊನೆಗೆ ಅಂಡಮಾನಿನ ಎರಡನೇ ಕ್ಯಾಮೆರಾವನ್ನು ಈ ವರ್ಷವೂ ಕೇದಾರನೇ ನೋಡಿಕೊಳ್ಳುತ್ತಾನೆಂದು ಸಾರಿದ್ದಾಯಿತು. ಜನ ಚಪ್ಪಾಳೆ ತಟ್ಟಿದರು.

ಅಮಿತಾ ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದಾಗ ಸರ್ ಹಿಂದೆಯೇ ಬಂದರು.

"ಸಣ್ಣ ವಿಷಯ, ದೊಡ್ಡದು ಮಾಡಿದಿ," ಎಂದರು. "ನಾ ಮನಸಿನ್ಯಾಗ ಇಟ್ಟಕೊಳ್ಳೂದಿಲ್ಲ. ಡಿಸೆಂಬರಿಗೆ ಲೈಟ್ ಹಿಡಿಯಾಕ ಬಾ."

"ಬರೂದಿಲ್ಲರಿ. ಗುಂಪಿನ್ಯಾಗ ನನ್ನ ಜಡಿ ಬಗ್ಗೆ ಬರದೀರಲ್ಲ, ಅದನ್ನ ತಿದ್ದರಿ. ನಾ ಇಲ್ಲೇ ನಿಂತಿರತೀನಿ."

ಅವಳು ನಿಜವಾಗಿಯೂ ನಿಂತಳು. ಒಳಗಿನಿಂದ ಜನ ಹೊರಬರುವ ಸದ್ದು ಕೇಳಿಸಿತು. ಸರ್ ಅತ್ತ ಇತ್ತ ನೋಡಿ ಫೋನ್ ತೆಗೆದು, ಬರೆದು, ಅವಳ ಮುಖದ ಮುಂದೆ ಹಿಡಿದರು. "ಗುರುವಾರ ಕ್ಯಾಮೆರಾಕ್ಕೆ ನೀರು ಹೋದದ್ದು ತಾಂತ್ರಿಕ ಕಾರಣದಿಂದ ಎಂದು ತಿಳಿದುಬಂದಿದೆ."

ಅಮಿತಾ ಎರಡು ಸಲ ಓದಿದಳು. ತಿಳಿದುಬಂದಿದೆಯಂತೆ, ಹವಾಮಾನ ಇಲಾಖೆಯಿಂದ ಬಂದ ಸುದ್ದಿಯ ಹಾಗೆ.

"ನಂದು ಅಂದಾಗ ತಪ್ಪಿಗೆ ಹೆಸರಿತ್ತಲ್ರಿ," ಎಂದಳು. "ಅಮಿತಾ ಅಂತ. ಜಡಿ ಸುದ್ದಾ ಇತ್ತು. ಈಗ್ಯಾಕ ಹೆಸರಿಲ್ಲ?"

"ಇಷ್ಟ ಆಗೂದು ನನ್ನ ಕೈಲೆ."

ಅವಳು ತನ್ನ ಫೋನ್ ತೆಗೆದಳು. ಸರ್ ಎದುರಿಗೇ ನಿಂತು, ಅವಸರ ಮಾಡದೆ, ಗುಂಪಿಗೆ ಬರೆದಳು: "ಗುರುವಾರ ಬಕೆಟ್ ಪರೀಕ್ಷೆ ಮಾಡದೆ ಕ್ಯಾಮೆರಾ ಇಳಿಸಿದವರು ವಾಸುದೇವ ಸರ್. ಕೂದಲು ಇರಲಿಲ್ಲ. ಅಮಿತಾ." ಕಳಿಸಿದಳು. ಸರ್ ಕೈಯಲ್ಲಿದ್ದ ಫೋನ್ ಗುಂಯ್ ಎಂದಿತು.

ಅವರು ಓದಿದರು. ಇಷ್ಟು ಹೊತ್ತೂ ಅಂಟಿಕೊಂಡಿದ್ದ ನಗು ಮುಖದಿಂದ ಹೋಗಿತ್ತು. "ನಿನ್ನ ಈಗಿಂದೀಗ ಗುಂಪಿನಿಂದ ತೆಗೀತೀನಿ," ಎಂದರು.

"ತೆಗೀರಿ," ಎಂದಳು ಅಮಿತಾ, ಗೇಟಿನ ಚಿಲಕ ಸರಿಸುತ್ತ. "ಯಾಕ ತೆಗದ್ರಿ ಅಂತನೂ ಬರೀರಿ."