ಇನ್ನೊಬ್ಬರು ತುಂಬಿದ ತೋಟಾ

ಆ ಊರಿನಲ್ಲಿ ಗುರಿ ಹೊಡೆಯುವವರು ಪಕ್ಕದ ಮನೆಯವನಿಗೆ ಮನೆಯ ಬೀಗದ ಕೈ ಕೊಟ್ಟಾರು, ಅವನು ಮದ್ದುಗುಂಡು ತುಂಬಿದ ತೋಟಾ ಮಾತ್ರ ಹಾರಿಸರು. ಆಲ್ಡನ್ ಟ್ವೇಟ್ ಅಂತೂ ಸ್ವಂತ ಮಗ ತುಂಬಿದ್ದನ್ನೂ ಮುಟ್ಟಿದವನಲ್ಲ. ಅಂಗಡಿಯದ್ದು ಅವನ ಪ್ರಕಾರ ಗತಿಗೆಟ್ಟವರ ಪಾಲು. ಈಗ ಸಂಧಿವಾತಕ್ಕೆ ಬೆರಳು ಊದಿ, ರಿವಾಲ್ವರಿನ ಕುದುರೆ ಎಳೆಯಲು ಬಂದರೂ ತೋಟಾದ ಮದ್ದಿಗೆ ಕಿಡಿ ಹೊತ್ತಿಸುವ ಗೋಧಿಕಾಳಿನಷ್ಟು ಕೇಪು ಹಿಡಿಯಲು ಬರುತ್ತಿರಲಿಲ್ಲ. ಮೊಂಟಾನಾದ ಆ ಬೇಸಿಗೆಯಿಡೀ ಶನಿವಾರದ ಗುರಿಪಂದ್ಯಕ್ಕೆ ಹೋಗದೆ, ವರಾಂಡದಲ್ಲಿ ಕೂತು ಪಾಪದ ನಾಯಿಯನ್ನು ಬೈಯುತ್ತಿದ್ದ. ಸೊಸೆ ಮರ್ಲಾಗೆ ಅದನ್ನು ನೋಡಲಾಗಲಿಲ್ಲ. ತೋಟಾ ತುಂಬುವುದನ್ನು ನನಗೇ ಕಲಿಸಿ ಎಂದು ಗ್ಯಾರೇಜಿನ ಮೇಜಿನ ಮುಂದೆ ಬಂದು ನಿಂತಳು.

ಮುದುಕ ಕಲಿಸಿದ, ಬೈಗುಳ ಸಮೇತ. ಹಾರಿದ ತೋಟಾದ ಹಿತ್ತಾಳೆ ಚಿಪ್ಪು ತೊಳೆದು, ಒತ್ತಿ ಅಳತೆಗೆ ತಂದು, ಹೊಸ ಕೇಪು ಹಾಕಿ, ಮದ್ದು ಸುರಿದು, ಗುಂಡು ಕೂರಿಸುವುದು. ಗುಂಡು ಕೂರಿಸುವ ಮೊದಲು ಪ್ರತಿ ಚಿಪ್ಪಿನೊಳಗೂ ಟಾರ್ಚ್ ಬಿಟ್ಟು ನೋಡಲೇಬೇಕು. ಮದ್ದು ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಸಲ ಬಿದ್ದಿದ್ದರೆ ರಿವಾಲ್ವರ್ ಕೈಯಲ್ಲೇ ಸಿಡಿಯುತ್ತದೆ. ಮರ್ಲಾಳ ಮೊದಲ ಗುಂಡು ಓರೆಯಾಗಿ ಕೂತಿತು.

"ಇದೇನಮ್ಮಾ, ಚರ್ಚಲ್ಲಿ ತೂಕಡಿಸ್ತಾ ಇದೆ" ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ.

ಶುಕ್ರವಾರದ ಹೊತ್ತಿಗೆ ಒಂದು ಡಬ್ಬಿ ತುಂಬಿತು. ಮುದುಕ ಟೋಪಿಯ ಧೂಳು ಕೊಡವಿ ಬಾಗಿಲ ಬಳಿ ಇಟ್ಟ. ಪಾತ್ರೆ ತೊಳೆಯುತ್ತಿದ್ದ ಮರ್ಲಾ ಅದನ್ನು ನೋಡಿ ಕೈ ನಿಲ್ಲಿಸಿದಳು. ಮದ್ದು ಸುರಿಯುವಾಗ ಫೋನು ಬಂದಿತ್ತು. ಆಮೇಲೆ ಆಗ ಮುಂದಿದ್ದ ಚಿಪ್ಪುಗಳ ಸಾಲಿಗೆ ಟಾರ್ಚ್ ಬಿಟ್ಟೆನೋ ಇಲ್ಲವೋ, ಏನು ಮಾಡಿದರೂ ನೆನಪಾಗಲಿಲ್ಲ. ಹೇಳಿದರೆ ನಾಳೆಯ ಪಂದ್ಯ ಹೋಯಿತು, ಮಾವ ಇನ್ನು ಮೇಜಿನ ಹತ್ತಿರ ಸೇರಿಸುವುದಿಲ್ಲ. ಹೇಳದಿದ್ದರೆ ಹೋಗುವುದು ಮಾವನ ಕೈ. ಒದ್ದೆ ಕೈಯಲ್ಲೇ ಹೋಗಿ ಹೇಳಿಬಿಟ್ಟಳು.

ಆಲ್ಡನ್ ಡಬ್ಬಿಯನ್ನು ಗ್ಯಾರೇಜಿನ ಮೇಜಿಗೆ ತಂದ. ಗುಂಡು ಕೀಳುವ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟ. ಒಂದೊಂದನ್ನೇ ಬಡಿದು ಬಿಚ್ಚಿ ನೋಡಿದರು. ಎಲ್ಲದರಲ್ಲೂ ಮದ್ದು ಸರಿಯಾಗಿಯೇ ಇತ್ತು.

"ಸುಮ್ನೆ ಎಲ್ಲಾ ಹಾಳು ಮಾಡ್ದೆ ಮಾವ. ನಾಳೆ ನೀವು ಹೋಗೋ ಹಾಗಿಲ್ಲ" ಎಂದು ಮರ್ಲಾ ಅತ್ತೇಬಿಟ್ಟಳು.

ಮುದುಕ ಸುಮ್ಮನೆ ಒಮ್ಮೆ ಕೆಮ್ಮಿದ. ಕೋಟಿನ ಜೇಬಿನಿಂದ ಅಂಗಡಿಯ ತೋಟಾ ಡಬ್ಬಿ ತೆಗೆದು, ಕದ್ದು ಸಿಕ್ಕಿಬಿದ್ದವನ ಹಾಗೆ ಮೇಜಿನ ಮೇಲಿಟ್ಟ. ನಿನ್ನೆಯೇ ತಂದಿಟ್ಟುಕೊಂಡಿದ್ದನಂತೆ.

"ನಾಳೆ ಇದನ್ನೇ ಹೊಡೀಬೇಕು ಅಂತಿದ್ದೆ ಕಣಮ್ಮಾ. ನಿಂಗೆ ಬೇಜಾರಾಗ್ಬಾರ್ದು ಅಂತ, ನಿಂದೇ ಹೊಡ್ದೆ ಅಂತ ಸುಳ್ಳು ಹೇಳೋನಿದ್ದೆ."

ಮರ್ಲಾ ಮೂಗೊರೆಸಿಕೊಂಡು ಅವನನ್ನೇ ನೋಡಿದಳು.

"ಮುಂದಿನ ಶನಿವಾರಕ್ಕೆ ನೀನೇ ತುಂಬು" ಎಂದ ಆಲ್ಡನ್. "ಅದನ್ನೇ ಹಾರಿಸ್ತೀನಿ."