ನಲವತ್ತರ ಮುಳ್ಳು

ಗಂಗರಾಜು ಮೂವತ್ತೆರಡು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಹಿಂದೂಪುರದ ಸಂತೆಯಲ್ಲಿ ಅವರು ಮುಟ್ಟಿ ನೋಡದ ತಕ್ಕಡಿಯಿಲ್ಲ. ನಿವೃತ್ತಿಯಾದ ಮೇಲೂ ಹೆಂಡತಿ ಸಾರಿಗೆ ಹಾಕುವ ಉಪ್ಪನ್ನು ಕಣ್ಣಲ್ಲೇ ತೂಗುತ್ತಿದ್ದರು. ಅವರ ಧರ್ಮ ಒಂದೇ: ಮನುಷ್ಯ ಸುಳ್ಳು ಹೇಳುತ್ತಾನೆ, ಮುಳ್ಳು ಹೇಳುವುದಿಲ್ಲ.

ಹೆಂಡತಿ ರಮಾದೇವಿ ಅಂಗನವಾಡಿ ಟೀಚರು. ಕಾರು ಓಡಿಸುವ ಲೈಸೆನ್ಸ್ ಪಡೆದು ಹದಿನಾಲ್ಕು ವರ್ಷವಾಗಿತ್ತು. ಮನೆ ಮುಂದೆ ಮಾವನ ಕಾಲದ ಬಿಳಿ ಅಂಬಾಸಿಡರ್ ನಿಂತಿತ್ತು. ಆದರೆ ಅದರ ಸ್ಪೀಡೋಮೀಟರ್ ಸತ್ತು ಆರು ವರ್ಷ. ಮುಳ್ಳು ಸೊನ್ನೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತ್ತು.

"ಹೆಂಗಸು ಗಾಡಿ ಓಡ್ಸಿದ್ರೆ ನಲವತ್ತು ದಾಟ್ಬಾರ್ದು. ದಾಟಿದ್ದು ಗೊತ್ತಾಗೋದೆಂಗೆ? ಮೀಟರ್ ಇಲ್ದೆ ಕೀಲಿ ಕೊಡಲ್ಲ" ಎನ್ನುವುದು ಗಂಗರಾಜು ಅವರ ಕಾನೂನು. ತಾವು ಮಾತ್ರ ಮೀಟರಿಲ್ಲದೆಯೇ ಓಡಿಸುತ್ತಿದ್ದರು. ಗಂಡಸಿಗೆ ಹುಟ್ಟುವಾಗಲೇ ಪಾದದೊಳಗೊಂದು ಮೀಟರ್ ಇಟ್ಟು ಕಳಿಸಿರುತ್ತಾರಂತೆ. ಈಗ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು; ಒಂದು ತಿಂಗಳು ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಕಪ್ಪು ಕನ್ನಡಕ ಕೊಟ್ಟಿದ್ದರು.

ಇದೇ ತಿಂಗಳಲ್ಲಿ ಅಂಗನವಾಡಿ ಸಂಘದ ಚುನಾವಣೆ ಬಂತು. ಜಿಲ್ಲೆ ಎರಡಾಗಿ ಒಡೆದರೂ ಸಂಘ ಒಂದೇ ಉಳಿದಿತ್ತು, ಅದರ ಕಚೇರಿ ಕಲ್ಯಾಣದುರ್ಗದಲ್ಲಿ. ಸಾವಿರಾರು ಹೆಂಗಸರ ಆ ಸಂಘಕ್ಕೆ ಹನ್ನೆರಡು ವರ್ಷದಿಂದ ಅಧ್ಯಕ್ಷ ನರೇಂದ್ರ ಎಂಬ ಗಂಡಸು! ಅವನೊಂದು ಮಗುವಿನ ಮೂಗು ಒರೆಸಿದವನಲ್ಲ, ಒಂದು ಮೊಟ್ಟೆ ಸುಲಿದವನಲ್ಲ. ಅವನಲ್ಲಿದ್ದ ಅರ್ಹತೆ ಒಂದು ಜೀಪು. ನಾಮಪತ್ರದ ದಿನ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ಹೆಂಗಸರು ಒಲೆ ಆರಿಸಿ, ಮಕ್ಕಳಿಗೆ ಬಡಿಸಿ, ಎರಡು ಬಸ್ಸು ಬದಲಾಯಿಸಿ ತಲುಪುವಷ್ಟರಲ್ಲಿ ಗಡುವು ಮುಗಿದು, ಅವಿರೋಧವಾಗಿ ಗೆದ್ದ ಅವನ ಕೊರಳಲ್ಲಿ ಹಾರ. ಹೋದ ಸಲ ರಮಾದೇವಿ ಹದಿನೈದು ನಿಮಿಷ ತಡವಾಗಿ ತಲುಪಿದ್ದಳು. ಈ ಸಲ ಬುಧವಾರ ಮಧ್ಯಾಹ್ನ ಒಂದು ಗಂಟೆ ಗಡುವು.

"ಮೀಟರ್ ಹಾಕಿಸಿದ್ರೆ ಕೀಲಿ ಕೊಡ್ತೀರಾ?" ಎಂದು ಕೇಳಿದಳು.

"ಕೊಡ್ತೀನಿ. ಪಕ್ಕದಲ್ಲಿ ಕೂತು ಬತ್ತೀನಿ ಕೂಡ. ಮುಳ್ಳು ನಲವತ್ತು ದಾಟಿದ್ರೆ ಅಲ್ಲೇ ಇಳ್ಸ್ಬುಡ್ತೀನಿ."

ಮಂಗಳವಾರ ಬೆಳಗ್ಗೆಯೇ ಗಂಡ-ಹೆಂಡತಿ ಅಂಬಾಸಿಡರನ್ನು ತಳ್ಳಿಸಿಕೊಂಡು ಮೆಕ್ಯಾನಿಕ್ ಗಿರಿಯಪ್ಪನ ಶೆಡ್ಡಿಗೆ ಹೋದರು. ಗಿರಿಯಪ್ಪ ಗುಜರಿ ರಾಶಿಯೊಳಗೆ ಸೊಂಟದವರೆಗೆ ಇಳಿದು, ಯಾವುದೋ ಹಳೆಯ ವ್ಯಾನಿನ ದುಂಡನೆಯ ಮೀಟರನ್ನು ಹಿಡಿದು ಮೇಲೆದ್ದ.

"ಸಿಕ್ತು ಟೀಚರಮ್ಮ! ಅಳತೆ ಒಂದೇ, ಗಾಜೂ ಒಡ್ದಿಲ್ಲ."

ಹಳೆಯ ಮೀಟರಿನ ಮುಖದ ಮೂಲೆಯಲ್ಲಿ ಸಣ್ಣದಾಗಿ 1248 ಎಂದಿತ್ತು. ಇದರಲ್ಲಿ 624.

"ಈ ನಂಬರ್ ಯಾಕೆ ಬೇರೆ?" ಎಂದಳು ರಮಾದೇವಿ.

"ಅದು ಕಂಪನಿಯೋರು ಹಾಕೋ ಲೆಕ್ಕ. ಗಾಡಿಗೆ ಸಂಬಂಧ ಇಲ್ಲ ಕಣಮ್ಮ."

ಸಂಬಂಧ ಇತ್ತು. ಚಕ್ರ ಒಂದು ಕಿಲೋಮೀಟರ್ ಉರುಳುವುದರೊಳಗೆ ಗೇರ್ ಬಾಕ್ಸಿನಿಂದ ಬರುವ ತಂತಿ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ ಅದು. ಆದರೆ ಆ ಹೊತ್ತಿನಲ್ಲಿ ಎಲ್ಲರ ಗಮನ ಬೇರೆ ಕಡೆಗಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಗಿರಿಯಪ್ಪನ ಕೈ ಹೋಗಲಿಲ್ಲ. ರಮಾದೇವಿ ಬಳೆ ತೆಗೆದಿಟ್ಟು ಕೈ ತೂರಿಸಿದಳು. ಬಲ್ಬುಗಳನ್ನು ಎಳೆದಳು, ತಂತಿಯ ನಟ್ಟು ಬಿಚ್ಚಿದಳು, ಹೊಸ ತಂತಿಗೆ ಗ್ರೀಸ್ ಸವರಿ ಅದರ ಚೌಕದ ತುದಿಯನ್ನು ಮೀಟರಿನ ತೂತಿಗೆ ಕೂರಿಸಿದಳು. ಟಕ್ ಎಂದಿತು. ಹಿಂದಿನ ಚಕ್ರವನ್ನು ಜಾಕಿ ಕೊಟ್ಟು ಎತ್ತಿ, ಗೇರು ಹಾಕಿದಾಗ ಆರು ವರ್ಷದ ನಿದ್ದೆ ಬಿಟ್ಟು ಮುಳ್ಳು ಎದ್ದಿತು. ಶೆಡ್ಡಿನವರೆಲ್ಲ ಚಪ್ಪಾಳೆ ಹೊಡೆದರು. ಮುಳ್ಳು ಏಳುತ್ತದೆಯೇ ಎಂದು ನೋಡಿದರು. ನಿಜ ಹೇಳುತ್ತದೆಯೇ ಎಂದು ಒಬ್ಬರೂ ನೋಡಲಿಲ್ಲ. ಮೂವತ್ತೆರಡು ವರ್ಷದ ಇನ್‌ಸ್ಪೆಕ್ಟರೂ ನೋಡಲಿಲ್ಲ.

ಬುಧವಾರ ಎಂಟೂಮುಕ್ಕಾಲಿಗೆ ಹೊರಟರು. ಹಿಂದಿನ ಸೀಟಿನಲ್ಲಿ ಪೆದ್ದಕ್ಕ. ಅಂಗನವಾಡಿಯ ಆಯಾ, ನಾಮಪತ್ರಕ್ಕೆ ಸೂಚಕಿ. ಮಡಿಲಲ್ಲಿ ಕಡಲೆಪುರಿಯ ಗಂಟು, ಕಾಲ ಬಳಿ ನೀರಿನ ಬಾಟಲಿ.

"ಮೂವತ್ತೈದು... ಮೂವತ್ತೆಂಟು... ನಿಧಾನ! ನಲವತ್ತು! ಸಾಕು, ಅಲ್ಲೇ ಇರು" ಎಂದು ಗಂಗರಾಜು ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮುಳ್ಳನ್ನೇ ಕಾಯುತ್ತಿದ್ದರು. ಕಾರು ಎರಡನೇ ಗೇರಿನಲ್ಲಿ ಗೊರಗುಟ್ಟುತ್ತ ಸಾಗಿತು. ಟ್ರ್ಯಾಕ್ಟರೊಂದು ಅದನ್ನು ಹಿಂದೆ ಹಾಕಿತು. ಮೇವಿನ ಹೊರೆ ಹೊತ್ತ ಮೊಪೆಡ್ಡೂ ಅದನ್ನು ಹಿಂದೆ ಹಾಕಿತು. ಸೈಕಲ್ಲಿನ ಮೇಲೆ ಬಿಂದಿಗೆ ಕಟ್ಟಿಕೊಂಡ ಮುದುಕನೊಬ್ಬ ಸ್ವಲ್ಪ ದೂರ ಜೊತೆಜೊತೆಯಲ್ಲೇ ತುಳಿದು, ಕಿಟಕಿಯೊಳಗೆ ಇಣುಕಿದ.

"ಏಮನ್ನಾ, ರಿಪೇರಾ? ತಳ್ಳಬೇಕಾ?"

"ನಲವತ್ತರಲ್ಲಿ ಹೋಯ್ತಾ ಇದೀವಿ, ಹೋಗಯ್ಯ!" ಎಂದು ಗಂಗರಾಜು ಗದರಿಸಿದರು. ಮುದುಕ ಗಂಟೆ ಬಾರಿಸಿ ಮುಂದೆ ಹೋದ. "ನೋಡು, ಸೈಕಲ್ ಮೇಲೆ ನಲವತ್ತೈದರಲ್ಲಿ ಹೋಯ್ತಾವ್ನೆ. ಈ ವಯಸ್ಸಲ್ಲಿ! ಸಾಯ್ತಾನೆ ಕಣೇ."

"ನಾವೇ ತೆವಳ್ತಾ ಇದೀವಿ ಅನ್ಸ್ತದೆ ಕಣ್ರೀ."

"ಅನ್ಸೋದಕ್ಕೆಲ್ಲ ಬೆಲೆ ಇಲ್ಲ. ಮುಳ್ಳು ನೋಡು."

ಮಡಕಶಿರ ದಾಟುವಷ್ಟರಲ್ಲಿ ಬಿಸಿಲು ಏರಿತ್ತು. ಮೀಟರಿನ ಕೆಳಗೆ ಉರುಳುವ ಅಂಕಿಗಳನ್ನು ನೋಡಿ ಗಂಗರಾಜು ಸಮಾಧಾನದಿಂದ ಹೇಳಿದರು: "ತೊಂಬತ್ತು ಕಿಲೋಮೀಟರ್ ಬಂದ್ವಿ. ಇನ್ನೇನು ಕಲ್ಯಾಣದುರ್ಗ ಬಂದೇಬುಡ್ತು."

ರಸ್ತೆಯ ಪಕ್ಕದ ಕಲ್ಲು ಬೇರೆ ಹೇಳುತ್ತಿತ್ತು: ಕಲ್ಯಾಣದುರ್ಗ ಎಪ್ಪತ್ತು. ರಮಾದೇವಿಯ ಗಡಿಯಾರದಲ್ಲಿ ಹನ್ನೊಂದೂಕಾಲು.

"ಕಲ್ಲು ತಪ್ಪಾಗಿ ನೆಟ್ಟವ್ರೆ" ಎಂದರು ಗಂಗರಾಜು.

ರಮಾದೇವಿ ಗಡಿಯಾರವನ್ನು ಮತ್ತೊಮ್ಮೆ ನೋಡಿದಳು. ಹೋದ ಸಲದ ಹದಿನೈದು ನಿಮಿಷ, ನರೇಂದ್ರನ ಹಾರ, ಅವನು ನಗುತ್ತ ಕೈಗಿಟ್ಟ ಲಾಡು. ಮತ್ತೆ ಅದೇ ಲಾಡು ತಿನ್ನಬೇಕೆ?

ಅಷ್ಟರಲ್ಲಿ ಎರಡು ಸೀಟುಗಳ ನಡುವಿನಿಂದ ಪೆದ್ದಕ್ಕನ ತಲೆ ತೂರಿ ಬಂತು.

"ಗಂಗರಾಜಪ್ಪ, ಅಲ್ಲಿ ಉಳ್ಳಾಡೋ ನಂಬರು ಏನು?"

"ಕಿಲೋಮೀಟರು."

"ಅಂಗಾರೆ ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ ಎರಡು ಯಾಕೆ ಉಳ್ಳಾಡ್ತಾವೆ? ಆವಾಗ್ಲಿಂದ ನೋಡ್ತಾವ್ನಿ."

"ಕಲ್ಲು ತಪ್ಪು ಅಂದ್ನಲ್ಲಮ್ಮ."

"ಎಲ್ಲಾ ಕಲ್ಲೂನಾ?" ಪೆದ್ದಕ್ಕ ನೀರಿನ ಬಾಟಲಿಯನ್ನು ಎತ್ತಿ ಅವರ ಮೂಗಿನ ಮುಂದೆ ಹಿಡಿದಳು. "ನಮ್ಮ ಸೆಂಟರಲ್ಲಿ ಮಗೂನ ತೂಗೋಕೆ ಮುಂಚೆ ನಾವು ಮಿಷನ್ ಮೇಲೆ ಈ ಎರಡು ಲೀಟರ್ ಬಾಟ್ಲಿ ಇಡ್ತೀವಿ. ಎರಡು ಕೇಜಿ ತೋರಿಸ್ಬೇಕು. ನಾಲ್ಕು ತೋರಿಸಿದ್ರೆ ನೀರಿಗೆ ಹುಚ್ಚು ಹಿಡ್ದಿರಲ್ಲ ಕಣಪ್ಪ, ಮಿಷನ್‌ಗೆ ಹಿಡ್ದಿರ್ತದೆ. ಇಷ್ಟೂ ಗೊತ್ತಿಲ್ದೆ ನೀವು ಅದ್ಯಾವ ಇಲಾಖೇಲಿ ಇದ್ರಿ?"

ಗಂಗರಾಜು ಕನ್ನಡಕ ತೆಗೆದರು. ಮುಂದಿನ ಕಲ್ಲು ಬಂತು: ಅಂಕಿ ಎರಡು ಉರುಳಿತ್ತು. ಅದರ ಮುಂದಿನದು: ಮತ್ತೆ ಎರಡು. ಮೂರನೆಯದಕ್ಕೆ ಅವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕಲ್ಲನ್ನು ಕೈಯಲ್ಲಿ ಮುಟ್ಟುವವರಂತೆ ನೋಡಿದರು. ಎರಡು.

ಅವರು ಒಳಗೆ ಸರಿದು ಕೂತರು. ಆಮೇಲೆ ಹೆಗಲ ಮೇಲಿನ ಟವೆಲನ್ನು ತೆಗೆದು, ಮೀಟರಿನ ಮೇಲೆ ಹೊದಿಸಿ, ಗಟ್ಟಿಯಾಗಿ ಘೋಷಿಸಿದರು: "ಸುಳ್ಳು ಅಳತೆ. ಜಪ್ತಿ!"

ರಮಾದೇವಿಗೆ ಮೊದಲು ಬಿಕ್ಕಳಿಕೆ ಬಂತು, ಆಮೇಲೆ ನಗು. ನಗು ಎಂಥದ್ದೆಂದರೆ ಕಾರು ರಸ್ತೆಯ ಅಂಚಿಗೆ ಹೋಗಿ ವಾಪಸ್ಸು ಬಂತು. "ಎರಡೂವರೆ ಗಂಟೆ ನನ್ನ ಕೈಲಿ ಇಪ್ಪತ್ತರಲ್ಲಿ ಓಡಿಸಿದ್ರಲ್ರೀ!"

"ಬೈಯೋದು ಆಮೇಲೆ. ಎಷ್ಟರಲ್ಲಿ ಹೋದ್ರೆ ಒಂದು ಗಂಟೆಗೆ ಮುಟ್ತೀವಿ?"

"ನಿಜವಾದ ನಲವತ್ತರಲ್ಲಿ ಹೋದ್ರೂ ಒಂದಕ್ಕೇ. ಪಾವಗಡದ ಪೇಟೆ ಒಳಗೆ ಹತ್ತು ನಿಮಿಷ ಹೋಯ್ತದೆ. ನಲವತ್ತು ಸಾಲಲ್ಲ."

ಗಂಗರಾಜು ಮೀಟರಿನ ಮೇಲಿನ ಟವೆಲನ್ನು ಸರಿಮಾಡಿದರು. ತಮ್ಮದೇ ಕಾನೂನು ಅಡ್ಡ ನಿಂತಿತ್ತು.

"...ಐವತ್ತು ಮಾಡು."

ಮೂರನೇ ಗೇರು. ನಾಲ್ಕನೇ ಗೇರು! ಬಾಗಿಲುಗಳು ನಡುಗಿದವು, ಪುರಿ ಹಾರಿತು, ಪೆದ್ದಕ್ಕನ ಸೆರಗು ಕಿಟಕಿಯ ಹೊರಗೆ ಬಾವುಟವಾಯಿತು.

"ಟವೆಲ್ ತೆಗಿಯಪ್ಪ! ನಾನು ಹುಟ್ಟಿದಾಗ್ಲಿಂದ ನೂರು ನೋಡಿಲ್ಲ!"

"ಅದು ಸುಳ್ಳು ನೂರು ಕಣಮ್ಮ."

"ಇಷ್ಟೊತ್ತು ಸುಳ್ಳು ನಲವತ್ತು ನೋಡ್ಲಿಲ್ವಾ? ತೆಗಿ!"

ಗಂಗರಾಜು ತೆಗೆದರು. ಎಂಬತ್ತು. ತೊಂಬತ್ತು. ಮುಂದೆ ಬಿಂದಿಗೆಯ ಸೈಕಲ್ ಮುದುಕ ಬೇವಿನ ನೆರಳಲ್ಲಿ ಬೀಡಿ ಹಚ್ಚುತ್ತಿದ್ದ. ಅಂಬಾಸಿಡರ್ ಹಾರ್ನ್ ಹೊಡೆದು ಹಾರಿಹೋಯಿತು, ಅವನ ಕಡ್ಡಿ ಆರಿತು. ತೊಂಬತ್ತೈದು. ಮೂವರೂ ಮುಂದಕ್ಕೆ ಬಾಗಿದ್ದರು.

"ನೂರು!" ಎಂದು ಮೊದಲು ಕೂಗಿದ್ದು ಗಂಗರಾಜು. ಕೂಗಿದ ಮೇಲೆ ಅವರಿಗೇ ನಾಚಿಕೆಯಾಯಿತು, ಆದರೂ ಮತ್ತೊಮ್ಮೆ ಕೂಗಿದರು.

ಹನ್ನೆರಡು ಐವತ್ತೈದಕ್ಕೆ ಕಲ್ಯಾಣದುರ್ಗದ ಸಂಘದ ಕಚೇರಿ. ಮೇಜಿನ ಮೇಲೆ ಹಾರ, ಲಾಡಿನ ಡಬ್ಬ. ಕುರ್ಚಿಯಲ್ಲಿ ಕಾಲಾಡಿಸುತ್ತಿದ್ದ ನರೇಂದ್ರ ಗಡಿಯಾರ ನೋಡಿದ, ಬಾಗಿಲು ನೋಡಿದ.

"ಏನಕ್ಕಾ, ಬಸ್ಸು ಇವತ್ತು ಟೈಮಿಗೆ ಬಂತಾ?"

"ಬಸ್ಸಲ್ಲ ಕಣಪ್ಪ, ನಾನೇ ಬಂದೆ" ಎಂದಳು ರಮಾದೇವಿ. ಸ್ಟೀರಿಂಗ್ ಹಿಡಿದು ಬಂದ ಕೈಯಲ್ಲೇ ಸಹಿ ಹಾಕಿದಳು. ಪೆದ್ದಕ್ಕ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಆ ಊರಿನ ಟೀಚರುಗಳು ಗೋಡೆಯ ಬದಿಯಿಂದ ಒಬ್ಬೊಬ್ಬರಾಗಿ ಎದ್ದು ಬಂದು ರಮಾದೇವಿಯ ಹಿಂದೆ ನಿಂತರು. ನರೇಂದ್ರ ಲಾಡಿನ ಡಬ್ಬದ ಮುಚ್ಚಳ ಮುಚ್ಚಿದ. ಇನ್ನು ಓಟು ನಡೆಯಬೇಕು, ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಹೊರಗೆ ಬಂದಾಗ ಗಂಗರಾಜು ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು.

"ಯಾಕ್ರೀ ಅಲ್ಲಿ?"

"ಮುಂದೆ ಕೂತ್ರೆ ಕಣ್ಣು ಮೀಟರ್ ಕಡೀಕೇ ಹೋಯ್ತದೆ. ನೀನು ಓಡ್ಸು."

ಪೆದ್ದಕ್ಕ ಅಷ್ಟರಲ್ಲೇ ಮುಂದಿನ ಸೀಟು ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಟೀಚರಮ್ಮ, ಇದ್ರಲ್ಲಿ ನೂರಿಪ್ಪತ್ತೂ ಬರ್ದವ್ರೆ!"