ಹೆಲಿಕಾಪ್ಟರಿಗೆ ಕೆರೆ ಬಿಟ್ಟುಕೊಟ್ಟ ತಾತ

ಬೇಸಿಗೆ ಬಂತೆಂದರೆ ಆ ಊರಿನ ಗುಡ್ಡಕ್ಕೆ ಬೆಂಕಿ ಬೀಳುವುದು ಹೊಸದೇನಲ್ಲ. ಹೊಗೆ ಎಂಥದ್ದೆಂದರೆ ಚಂದ್ರನೂ ಕೆಮ್ಮಿಕೊಂಡೇ ಏಳಬೇಕು! ಆದರೆ ಮೀನುಗಾರ ತಾತನಿಗೆ ಬೆಂಕಿ ಎಂದರೆ ನೆನಪಾಗುತ್ತಿದ್ದದ್ದು, ಹಿಂದೊಮ್ಮೆ ಕೆರೆಗೆ ಬಂದ ಮೊದಲ ಹೆಲಿಕಾಪ್ಟರು.

"ನಿಮ್ಮಜ್ಜಿ ಇದೇ ದಡದಲ್ಲಿ ನಿಂತು ಟವೆಲ್ ಬೀಸಿದ್ದಳು ಕಣೇ. ಆ ಗಾಳಿಗೇ ಅರ್ಧ ಬೆಂಕಿ ಆರಿಹೋಯ್ತು. ಉಳಿದರ್ಧಕ್ಕೆ ಪೈಲಟ್ ನೀರು ಹಾಕಿದ."

ಮೊಮ್ಮಗಳು ಬೆಂಕಿ ಆರಿಸುವ ತಂಡದವಳು. ಬೂಟಿನ ಲೇಸು ಬಿಗಿಯುತ್ತ ನಕ್ಕಳು. "ಸರಿ ತಾತಾ. ಈಗ ಕೆರೆಗೆ ಅಡ್ಡ ಕಟ್ಟಿರೋ ಬಲೆ, ಹಗ್ಗ ತೆಗಿ. ಹೆಲಿಕಾಪ್ಟರಿನ ಕೆಳಗೆ ನೀರಿನ ಬಕೆಟ್ ತೂಗುತ್ತೆ. ಅದು ಹಗ್ಗಕ್ಕೆ ಸಿಕ್ಕಿದರೆ ಹೆಲಿಕಾಪ್ಟರೇ ಬಿದ್ದೀತು."

"ಅಷ್ಟು ದೊಡ್ಡದಕ್ಕೆ ಈ ಹಗ್ಗ ಯಾವ ಲೆಕ್ಕ? ನಿಮ್ಮಜ್ಜಿ ಹೊಸೆದದ್ದು. ಯಾರೂ ಮುಟ್ಟೋ ಹಾಗಿಲ್ಲ."

"ಕೈ ಬೀಸೋದೂ ಬೇಡ. ಯಾರೋ ಅಪಾಯದಲ್ಲಿದ್ದಾರೆ ಅಂದ್ಕೊಂಡು ಪೈಲಟ್ ಇಲ್ಲೇ ಸುತ್ತುತ್ತಾನೆ."

"ಹೋಗೇ, ನನಗೆ ಪಾಠ ಹೇಳೋಕೆ ಬಂದ್ಳು!"

ಮರುದಿನ ಮಧ್ಯಾಹ್ನ ಗುಡ್ಡ ಹತ್ತಿಕೊಂಡಿತು. ಮೊಮ್ಮಗಳ ತಂಡ ಗುದ್ದಲಿ ಹೊತ್ತು ಮೇಲೇರಿತು. ಹೆಲಿಕಾಪ್ಟರಿನ ಸದ್ದು ಕೇಳಿದ್ದೇ ತಡ, ಊರಿಗೆ ಊರೇ ದಡಕ್ಕೆ ನುಗ್ಗಿತು; ಹಾಸಿಗೆ ಹಿಡಿದವರೂ ಓಡಿಬಂದರೆಂದರೆ ನಂಬಬೇಕು! ಎಲ್ಲರಿಗಿಂತ ಮುಂದೆ ತಾತ, ಟವೆಲ್ ಬೀಸುತ್ತ. ಹೆಲಿಕಾಪ್ಟರು ಕೆಳಗಿಳಿಯಿತು, ಹಗ್ಗ ಕಂಡು ಮೇಲೇರಿತು, ಮತ್ತೆ ಸುತ್ತಿತು. ಬಕೆಟ್ ಖಾಲಿಯೇ ತೂಗುತ್ತಿತ್ತು.

"ಇಳಿಯೋ ಮಾರಾಯ! ಮೇಲೆ ನನ್ನ ಮೊಮ್ಮಗಳಿದ್ದಾಳೆ!" ಎಂದು ಕೂಗಿದ ತಾತನ ಕೈ ಗಾಳಿಯಲ್ಲೇ ನಿಂತಿತು. ಇಳಿಯಲು ಬಿಡದೆ ಇದ್ದವನು ತಾನೇ ಅಲ್ಲವೇ?

"ಎಲ್ಲ ಹಿಂದೆ ಸರೀರೋ!" ಎಂದು ಗುಡುಗಿದ. ಆ ಗುಡುಗಿಗೆ ಕೆರೆಯ ಮೀನುಗಳೂ ಹಿಂದೆ ಸರಿದವು. ದಡದ ಗೂಟದ ಮುಂದೆ ಕುಕ್ಕರಿಸಿ, ಹೆಂಡತಿ ಹಾಕಿದ ಗಂಟನ್ನು ಒಮ್ಮೆ ಬೆರಳಿನಿಂದ ಸವರಿ, ಚಾಕು ಹಾಕಿದ. ಆಚೆ ದಡದವರು ಬಲೆ ಎಳೆದುಕೊಂಡರು. ಹೆಲಿಕಾಪ್ಟರು ಬಕೆಟ್ ಮುಳುಗಿಸಿ, ನೀರು ತುಂಬಿಕೊಂಡು ಗುಡ್ಡದತ್ತ ಹಾರಿತು.

ಸಂಜೆ ಮೊಮ್ಮಗಳು ಮೈಯೆಲ್ಲ ಮಸಿಯಾಗಿ ಮನೆ ಸೇರಿದಳು. "ಅಜ್ಜಿಯ ಹಗ್ಗ ಕೊಯ್ದುಬಿಟ್ಟೆಯಾ ತಾತಾ?"

"ಅವಳಿದ್ದಿದ್ದರೆ, ಇಷ್ಟು ತಡ ಮಾಡಿದ್ದಕ್ಕೆ ನನ್ನನ್ನೇ ಕೊಯ್ತಿದ್ದಳು," ಎಂದ ತಾತ, ಅವಳ ಮುಖದ ಮಸಿ ಒರೆಸುತ್ತ.

ನಿಮ್ಮೂರ ಕೆರೆಗೂ ಹೆಲಿಕಾಪ್ಟರು ಬರಬಹುದು. ಗುಡ್ಡದಲ್ಲಿ ಹೊಗೆ ಕಂಡ ಕೂಡಲೇ ಬಲೆ, ಹಗ್ಗ, ದೋಣಿ ದಡ ಸೇರಿಸಿ. ಡ್ರೋನ್, ಗಾಳಿಪಟ ಹಾರಿಸಬೇಡಿ. ನೋಡುವ ಆಸೆಯಿದ್ದರೆ ದೂರ ನಿಂತು, ಕೈಕಟ್ಟಿಕೊಂಡು ನೋಡಿ. ಬೆಂಕಿಯೆದುರು ನಿಂತಿರುವವರು ಯಾರದೋ ಮನೆಯ ಮಕ್ಕಳು; ಅವರಿಗೆ ನೀರು ಬೇಗ ಸಿಗಲಿ.